ಶ್ರೀಲಂಕಾ ಪ್ರವಾಸ ಇನ್ನು ಮುಂದೆ ಎರಡು ದಾರಿ, ಎರಡು ಋತು: ಸದಸ್ಯರಿಗೆ ಮತ್ತು ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರಿಗೆ ಮತ್ತು ನಮ್ಮೊಡನೆ ಪ್ರವಾಸ ಮಾಡುತ್ತ ಬಂದಿರುವ ಎಲ್ಲ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ನಮ್ಮ ಸಹಕಾರ ಸಂಘದ ಪ್ರವಾಸ ವಿಭಾಗ ಮೈಸೂರಿನಿಂದ ನಡೆಸುತ್ತಿರುವ ಶ್ರೀಲಂಕಾ ಪ್ರವಾಸದ ಸ್ವರೂಪ ಈ ವರ್ಷದಿಂದ ಬದಲಾಗುತ್ತಿದೆ. ಇಲ್ಲಿಯವರೆಗೆ ದಸರಾ ರಜೆಯಿರಲಿ, ಕ್ರಿಸ್‌ಮಸ್ ರಜೆಯಿರಲಿ, ಬೇಸಿಗೆಯಿರಲಿ, ಆರು ದಿನಗಳ ಒಂದೇ ದಾರಿಯಲ್ಲಿ ಎಲ್ಲರನ್ನೂ ಕರೆದೊಯ್ಯುತ್ತಿದ್ದೆವು. ಇನ್ನು ಮುಂದೆ ಎರಡು ಬೇರೆ ಬೇರೆ ಪ್ರವಾಸಗಳಿರುತ್ತವೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದ್ವೀಪದ ಬೆಟ್ಟನಾಡು ಮತ್ತು ದಕ್ಷಿಣ ಕರಾವಳಿ. ಜೂನ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಪೂರ್ವ ಮತ್ತು ಉತ್ತರ. ಎರಡೂ ಒಂಬತ್ತು ದಿನಗಳವು. ದಸರಾ ಮತ್ತು ಕ್ರಿಸ್‌ಮಸ್ ಪ್ರವಾಸಗಳನ್ನು ನಿಲ್ಲಿಸಿದ್ದೇವೆ. ಈ ತೀರ್ಮಾನ ಅನೇಕರಿಗೆ ಅನಾನುಕೂಲವೆಂದು ಬಲ್ಲೆವು. ಆದ್ದರಿಂದಲೇ ಕಾರಣಗಳನ್ನು ವಿವರವಾಗಿ ತಿಳಿಸಲು ಈ ಪತ್ರ.

ಮೊದಲ ಕಾರಣ ಮಳೆ. ಶ್ರೀಲಂಕಾಕ್ಕೆ ಒಂದು ಮಳೆಗಾಲವಲ್ಲ, ಎರಡು. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆ ಮತ್ತು ಬೆಟ್ಟಗಳ ಪಶ್ಚಿಮದ ಇಳಿಜಾರನ್ನು ತೋಯಿಸುತ್ತದೆ. ಆಗ ಟ್ರಿಂಕೋಮಲಿ, ಜಾಫ್ನಾ ಕಡೆ ಒಣಹವೆ, ಸಮುದ್ರ ಶಾಂತ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ ಬೀಸುವಾಗ ಪೂರ್ವದ ಸಮುದ್ರ ಒರಟಾಗುತ್ತದೆ, ದಕ್ಷಿಣದ ಕಡಲತೀರಗಳು ತಿಳಿಯಾಗುತ್ತವೆ. ನಡುವೆ ಎದ್ದಿರುವ ಬೆಟ್ಟಸಾಲು ಮೋಡಗಳನ್ನು ತಡೆಯುವುದೇ ಇದಕ್ಕೆ ಕಾರಣ. ಅಲ್ಲಿನ ಅತಿ ಎತ್ತರದ ಶಿಖರ ಪಿದುರುತಲಾಗಲ 2,524 ಮೀಟರ್ ಇದೆ. ಆಗುಂಬೆಯಲ್ಲಿ ಜಡಿಮಳೆ ಸುರಿಯುತ್ತಿರುವಾಗ ಚಿತ್ರದುರ್ಗದ ರೈತ ಮುಗಿಲು ನೋಡುತ್ತ ಕುಳಿತಿರುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವರ್ಷವಿಡೀ ಒಂದೇ ದಾರಿಯಲ್ಲಿ ಹೋದರೆ, ಯಾವುದೋ ಒಂದು ತಂಡ ಸಮುದ್ರವನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿ ಬರಬೇಕಾಗುತ್ತದೆ.

ದಸರಾ ಪ್ರವಾಸದ ಕಷ್ಟ ಬೇರೆಯದು. ಅಕ್ಟೋಬರ್ ಮತ್ತು ನವೆಂಬರ್ ಎರಡು ಮಾರುತಗಳ ನಡುವಿನ ಕಾಲ. ಆಗ ಹೆಚ್ಚು ಕಡಿಮೆ ಇಡೀ ದ್ವೀಪದಲ್ಲಿ ಮಳೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವೂ ಆಗಲೇ ಹೆಚ್ಚು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಅಪ್ಪಳಿಸಿದಾಗ ಬೆಟ್ಟನಾಡಿನಲ್ಲಿ ಗುಡ್ಡಗಳು ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡರು. ರಸ್ತೆಗಳಿಗೂ ರೈಲುಮಾರ್ಗಕ್ಕೂ ಭಾರಿ ಹಾನಿಯಾಯಿತು. ನಮ್ಮ ತಂಡಗಳಲ್ಲಿ ಅರವತ್ತು ದಾಟಿದವರೇ ಹೆಚ್ಚು. ಅವರನ್ನು ಅಂಥ ತಿಂಗಳುಗಳಲ್ಲಿ ಘಾಟಿ ಹತ್ತಿಸುವ ಹೊಣೆ ಹೊರಲು ನಮ್ಮ ಸಮಿತಿಗೆ ಮನಸ್ಸಿಲ್ಲ.

ಎರಡನೆಯ ಕಾರಣ ದಾರಿಯ ದೂರ. ನಕ್ಷೆಯಲ್ಲಿ ಶ್ರೀಲಂಕಾ ಚಿಕ್ಕದಾಗಿ ಕಾಣುತ್ತದೆ, ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗ. ಬೆಂಗಳೂರಿನಿಂದ ಕೊಲಂಬೊಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಆದರೆ ಅಲ್ಲಿಂದ ಕ್ಯಾಂಡಿಗೆ ಸುಮಾರು 115 ಕಿಲೋಮೀಟರ್ ಕ್ರಮಿಸಲು ಮೂರು ಗಂಟೆಗೂ ಹೆಚ್ಚು ಬೇಕು. ಟ್ರಿಂಕೋಮಲಿಗೆ ಆರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆರು ದಿನಗಳಲ್ಲಿ ಎಲ್ಲವನ್ನೂ ನೋಡಬೇಕೆಂದರೆ ಹಗಲಿನ ಹೆಚ್ಚಿನ ಹೊತ್ತು ಬಸ್ಸಿನಲ್ಲಿಯೇ ಕಳೆಯುತ್ತದೆ. ಹೊಸ ಏರ್ಪಾಡಿನಲ್ಲಿ ಊರುಗಳು ಕಡಿಮೆ, ಪ್ರತಿ ಊರಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗುತ್ತೇವೆ. ಮೊದಲ ಮತ್ತು ಕೊನೆಯ ದಿನ ಮಾತ್ರ ಇದಕ್ಕೆ ಹೊರತು.

ಸಿಗಿರಿಯ ಎರಡೂ ಪ್ರವಾಸಗಳಲ್ಲಿ ಇದೆ. ಆ ಬಂಡೆಯನ್ನು ನೋಡದೆ ಹಿಂತಿರುಗಿದರೆ ಶ್ರೀಲಂಕಾ ನೋಡಿದಂತಾಗುವುದಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. 5ನೆಯ ಶತಮಾನದ ಕೊನೆಯಲ್ಲಿ ತಂದೆ ಧಾತುಸೇನನನ್ನು ಕೊಂದು ಪಟ್ಟಕ್ಕೇರಿದ ಕಾಶ್ಯಪ, ಭಾರತಕ್ಕೆ ಓಡಿಹೋಗಿದ್ದ ತಮ್ಮ ಮೊಗ್ಗಲ್ಲಾನನಿಗೆ ಹೆದರಿ ಬಯಲಿನ ನಡುವೆ ಕಡಿದಾಗಿ ಎದ್ದ ಈ ಬಂಡೆಯ ತಲೆಯ ಮೇಲೆ ಅರಮನೆ ಕಟ್ಟಿಸಿದ. ಕೊನೆಗೆ ಮೊಗ್ಗಲ್ಲಾನ ಸೈನ್ಯದೊಡನೆ ಬಂದೇ ಬಂದ; ಕಾಶ್ಯಪ ಯುದ್ಧಭೂಮಿಯಲ್ಲಿ ಪ್ರಾಣ ಬಿಟ್ಟ. ಅರ್ಧ ಏರಿದ ಮೇಲೆ ಗುಹೆಯ ಗೋಡೆಯಲ್ಲಿ ಮೋಡಗಳಿಂದ ಇಳಿದು ಬಂದಂತಿರುವ ಸ್ತ್ರೀಯರ ವರ್ಣಚಿತ್ರಗಳಿವೆ. ಅಲ್ಲಿ ಛಾಯಾಚಿತ್ರ ತೆಗೆಯಲು ಅನುಮತಿಯಿಲ್ಲ, ಕಣ್ತುಂಬ ನೋಡಿ ಬನ್ನಿ. ಅದರ ಪಕ್ಕದ ಕನ್ನಡಿ ಗೋಡೆಯ ಮೇಲೆ ಸಾವಿರ ವರ್ಷಕ್ಕೂ ಹಿಂದಿನ ಪ್ರವಾಸಿಗರು ಆ ಚಿತ್ರಗಳ ಚೆಲುವನ್ನು ಕುರಿತು ಪದ್ಯಗಳನ್ನು ಕೊರೆದಿದ್ದಾರೆ. ವಿದ್ವಾಂಸ ಸೇನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ನಮಗಿಂತ ಮೊದಲೇ ಬಂದು ಹೋದ ಸಾಮಾನ್ಯ ಜನರ ಕೈಬರಹ ಅದು. ನಮ್ಮ ಮಾರ್ಗದರ್ಶಿ ಕೆಲವು ಪದ್ಯಗಳ ಅರ್ಥವನ್ನು ಅಲ್ಲಿಯೇ ನಿಂತು ಹೇಳುತ್ತಾರೆ.

ಬಂಡೆಯ ತುದಿಗೆ ಸುಮಾರು 1,200 ಮೆಟ್ಟಿಲು. ಬೆಳಗಿನ ತಂಪಿನಲ್ಲಿಯೇ ಹತ್ತಲು ಆರಂಭಿಸುತ್ತೇವೆ. ಬಂಡೆಯಲ್ಲಿ ಕಣಜಗಳ ಗೂಡುಗಳಿವೆ, ಆದ್ದರಿಂದ ಮೇಲೆ ಗದ್ದಲ ಮಾಡುವಂತಿಲ್ಲ. ಮಂಡಿನೋವು ಇರುವವರು ಸಂಕೋಚ ಪಡದೆ ಕೆಳಗೆ ಉಳಿಯಬಹುದು. ಬುಡದಲ್ಲಿರುವ ನೀರಿನ ಉದ್ಯಾನವೇ ಒಂದು ಅದ್ಭುತ. ಅಲ್ಲಿನ ಕಾರಂಜಿಗಳು ಯಾವ ಯಂತ್ರದ ನೆರವೂ ಇಲ್ಲದೆ ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಕೆಳಗೆ ಉಳಿದವರ ಜೊತೆ ಒಬ್ಬ ಮಾರ್ಗದರ್ಶಿ ಇರುತ್ತಾರೆ.

ಈಗ ಜೂನ್ ಪ್ರವಾಸದ ವಿಷಯ. ನಮ್ಮವರಿಗೆ ಹೆಚ್ಚು ಪರಿಚಯವಿಲ್ಲದ ದಾರಿ ಇದು, ಸಮಿತಿಗೆ ಅತ್ಯಂತ ಪ್ರಿಯವಾದದ್ದೂ ಇದೇ. ಟ್ರಿಂಕೋಮಲಿಯಲ್ಲಿ ಮೂರು ರಾತ್ರಿ. ಹಳೆಯ ಕೋಟೆಯೊಳಗೆ, ಸಾರಂಗಗಳು ಅಡ್ಡಾಡುವ ದಾರಿಯಲ್ಲಿ ನಡೆದು ಹೋದರೆ ಸಮುದ್ರದಿಂದ ನೇರವಾಗಿ ಏಳುವ ಬಂಡೆಯ ನೆತ್ತಿಯಲ್ಲಿ ಕೋಣೇಶ್ವರ ದೇವಸ್ಥಾನ. ಪುರಾತನ ದೇಗುಲವನ್ನು ಪೋರ್ಚುಗೀಸರು 1620ರ ದಶಕದಲ್ಲಿ ಕೆಡವಿ, ಅದರ ಕಲ್ಲುಗಳನ್ನು ಕೋಟೆಗೆ ಬಳಸಿದರು. 1956ರಲ್ಲಿ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ಮೈಕ್ ವಿಲ್ಸನ್ ಸಮುದ್ರದಾಳಕ್ಕೆ ಇಳಿದು ದೇಗುಲದ ಕಂಬಗಳ ಅವಶೇಷಗಳನ್ನು ಕಂಡರು. ಈಗಿನ ಕಟ್ಟಡ ಕಳೆದ ಶತಮಾನದ್ದು. ಹದಿನೆಂಟು ಶಕ್ತಿಪೀಠಗಳ ಸ್ತೋತ್ರ ಹೇಳುವವರಿಗೆ ಗೊತ್ತಿರುವಂತೆ, ಪಟ್ಟಿಯಲ್ಲಿ ಮೊದಲು ಬರುವವಳು ಲಂಕೆಯ ಶಾಂಕರಿ. ಆಕೆಯ ನೆಲೆ ಇದೇ ಎಂದು ಭಕ್ತರು ನಂಬುತ್ತಾರೆ. ಅದೇ ಸ್ತೋತ್ರದಲ್ಲಿ ನಮ್ಮ ಚಾಮುಂಡಿಯೂ ಇದ್ದಾಳೆ. ಬೆಟ್ಟದ ತಾಯಿಯ ಊರಿನಿಂದ ಹೊರಡುವ ನಾವು ಶಾಂಕರಿಯ ಸನ್ನಿಧಿಗೆ ಹೋಗದೆ ಬರುವುದು ಸರಿಯಲ್ಲ ಎಂದು ಹಲವು ಸದಸ್ಯರು ಬಹಳ ಕಾಲದಿಂದ ಹೇಳುತ್ತಿದ್ದರು. ಬಿಡುವಿನಲ್ಲಿ ಕನ್ನಿಯ ಬಿಸಿನೀರಿನ ಬಾವಿಗಳು ಮತ್ತು ನಿಲಾವೆಲಿಯ ಕಡಲತೀರ. ಈಜು ಬಲ್ಲವರು ಪಿಜನ್ ಐಲ್ಯಾಂಡ್‌ನ ಹವಳದ ದಿಬ್ಬಗಳನ್ನು ನೋಡಬಹುದು, ಆದರೆ ಹವಳದ ಮೇಲೆ ಕಾಲಿಡುವಂತಿಲ್ಲ.

ಅಲ್ಲಿಂದ ಜಾಫ್ನಾ. 2009ರ ಮೇ ತಿಂಗಳಲ್ಲಿ ಮುಗಿದ ಅಂತರ್ಯುದ್ಧದ ಗಾಯಗಳನ್ನು ಹೊತ್ತ ಊರು ಅದು. ಹಾಗಾಗಿ ಅಲ್ಲಿಗೆ ಕುತೂಹಲದ ಜೊತೆ ಗೌರವವನ್ನೂ ಇಟ್ಟುಕೊಂಡು ಹೋಗೋಣ. 1981ರಲ್ಲಿ ಸುಟ್ಟುಹೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಸುಮಾರು 97,000 ಪುಸ್ತಕಗಳೂ ತಾಳೆಗರಿಗಳೂ ನಾಶವಾದವು. ಮತ್ತೆ ಕಟ್ಟಿದ ಬಿಳಿಯ ಕಟ್ಟಡದಲ್ಲಿ ಈಗ ವಿದ್ಯಾರ್ಥಿಗಳು ಓದುತ್ತ ಕುಳಿತಿರುತ್ತಾರೆ. ಹೊರಗಿನಿಂದ ನೋಡಿ, ಅನುಮತಿಯಿರುವ ಹೊತ್ತಿನಲ್ಲಿ ಮಾತ್ರ ಒಳಗೆ ಹೋಗುತ್ತೇವೆ. ಜುಲೈ ಅಥವಾ ಆಗಸ್ಟ್‌ನಲ್ಲಿ ನಲ್ಲೂರು ಕಂದಸ್ವಾಮಿಯ ಉತ್ಸವ 25 ದಿನ ನಡೆಯುತ್ತದೆ. ಆ ದಿನಗಳಿಗೆ ಹೊಂದುವಂತೆ ಒಂದು ತಂಡವನ್ನು ಇಟ್ಟಿದ್ದೇವೆ. ಗಂಡಸರು ಅಂಗಿ ತೆಗೆದೇ ದೇವಸ್ಥಾನದೊಳಗೆ ಹೋಗಬೇಕು, ದಕ್ಷಿಣ ಕನ್ನಡದ ಸದಸ್ಯರಿಗೆ ಇದು ಹೊಸದೇನಲ್ಲ. ನೈನಾತೀವು ಎಂಬ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಹೋದರೆ ನಾಗಪೂಷಣಿ ಅಮ್ಮನ ಗುಡಿ ಮತ್ತು ಬೌದ್ಧರ ನಾಗದೀಪ ವಿಹಾರ ಅಕ್ಕಪಕ್ಕದಲ್ಲಿ ಸಿಗುತ್ತವೆ.

ಹಿಂತಿರುಗುವ ದಾರಿಯಲ್ಲಿ ಅನುರಾಧಪುರ, ಪೊಲೊನ್ನರುವ. ಅಶೋಕನ ಮಗಳು ಸಂಘಮಿತ್ರೆ ತಂದ ಬೋಧಿವೃಕ್ಷದ ಕೊಂಬೆಯಿಂದ ಬೆಳೆದ ಮರ ಅನುರಾಧಪುರದಲ್ಲಿ ಇಂದಿಗೂ ಚಿಗುರುತ್ತಿದೆ. ಪೊಲೊನ್ನರುವದ ಗಲ್ ವಿಹಾರದಲ್ಲಿ ಒಂದೇ ಬಂಡೆಯಿಂದ ಕಡೆದ ನಾಲ್ಕು ಬುದ್ಧ ಮೂರ್ತಿಗಳಿವೆ. ಮಲಗಿರುವ ಮೂರ್ತಿ ಸುಮಾರು 14 ಮೀಟರ್ ಉದ್ದ. ಅದನ್ನು ಮಾಡಿಸಿದ 12ನೆಯ ಶತಮಾನದ ರಾಜ ಪರಾಕ್ರಮಬಾಹು, ಬಿದ್ದ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಸಮುದ್ರ ಸೇರಬಾರದು ಎಂದನಂತೆ. ಅವನು ಕಟ್ಟಿಸಿದ ಕೆರೆಗೆ ಸಮುದ್ರ ಎಂದೇ ಹೆಸರು. ಏರಿಯ ಮೇಲೆ ಒಂದು ಸಂಜೆ ಸುಮ್ಮನೆ ನಡೆಯಲು ಬಿಡುವು ಇಟ್ಟಿದ್ದೇವೆ.

ಆನೆಗಳ ವಿಷಯದಲ್ಲೂ ಒಂದು ಬದಲಾವಣೆ. ಆನೆ ಸವಾರಿಯನ್ನೂ ಕಟ್ಟಿಹಾಕಿದ ಆನೆಗಳ ಸ್ನಾನದ ಪ್ರದರ್ಶನವನ್ನೂ ಕಾರ್ಯಕ್ರಮದಿಂದ ಕೈಬಿಟ್ಟಿದ್ದೇವೆ. ಅದರ ಬದಲು ಕಾಡಿನ ಆನೆ. ರಾಜ ಮಹಾಸೇನ ಕಟ್ಟಿಸಿದ ಮಿನ್ನೇರಿಯ ಕೆರೆಯ ನೀರು ಆಗಸ್ಟ್, ಸೆಪ್ಟೆಂಬರ್ ವೇಳೆಗೆ ಇಳಿದು ಹಸಿ ಹುಲ್ಲು ಚಿಗುರಿದಾಗ ಸುತ್ತಲ ಕಾಡುಗಳಿಂದ ನೂರಾರು ಆನೆಗಳು ಮರಿಗಳೊಡನೆ ಬಂದು ಸೇರುತ್ತವೆ. ಕೆರೆಯಲ್ಲಿ ನೀರು ಇಳಿಯದ ವರ್ಷ ಹುಲ್ಲೂ ಇಲ್ಲ, ಆನೆಯೂ ಕಡಿಮೆ. ಆಗ ಹತ್ತಿರದ ಕೌಡುಲ್ಲ ಕಾಡಿಗೆ ಹೋಗುತ್ತೇವೆ. ಕಾಡುಪ್ರಾಣಿ ಕಂಡೇ ಕಾಣುತ್ತದೆ ಎಂಬ ಭರವಸೆಯನ್ನು ಯಾರಿಗೂ ಕೊಡುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ತಂಡಗಳು ಉಡವಲವೆ ಕಾಡಿಗೆ ಹೋಗುತ್ತವೆ.

ಆ ತಿಂಗಳುಗಳ ದಾರಿ ನಿಮಗೆ ಬಹುಮಟ್ಟಿಗೆ ಪರಿಚಿತವೇ. ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ಕ್ಯಾಂಡಿಯ ದಂತ ದೇವಾಲಯದಲ್ಲಿ ಸಂಜೆಯ ಪೂಜೆಯ ನಗಾರಿ ಕೇಳಲು ಮುಂಚಿತವಾಗಿ ಹೋಗಿ ನಿಲ್ಲಬೇಕು; ಬಿಳಿ ಉಡುಪು ಧರಿಸಿದರೆ ಒಳ್ಳೆಯದು. ನುವಾರ ಎಲಿಯದಲ್ಲಿ ಸೀತಾ ಎಲಿಯ ದೇವಸ್ಥಾನ ಇದ್ದೇ ಇದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರ ಸದಸ್ಯರಿಗೆ ಒಂದು ವಿಶೇಷ: ಇಂದು ಚಹಾ ಹಬ್ಬಿರುವ ಆ ಗುಡ್ಡಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಮುಗಿಸಿತು. ಅದಕ್ಕೆ ಎರಡು ವರ್ಷ ಮೊದಲು ಜೇಮ್ಸ್ ಟೇಲರ್ ಎಂಬಾತ ಲೂಲಕಂದೂರದಲ್ಲಿ ನೆಟ್ಟಿದ್ದ ಚಹಾ ತೋಟವೇ ಆಮೇಲೆ ದ್ವೀಪಕ್ಕೆ ದಾರಿಯಾಯಿತು. ಅದೇ ರೋಗದೊಡನೆ ಹೆಣಗಿದ ಮನೆತನದವರು ಅಲ್ಲಿ ನಿಂತು ನೋಡುವ ಬಗೆಯೇ ಬೇರೆ. ಕೊನೆಗೆ ಗಾಲೆ ಕೋಟೆ ಮತ್ತು ತಿಮಿಂಗಿಲಗಳನ್ನು ನೋಡಲು ಮಿರಿಸ್ಸದಿಂದ ದೋಣಿ ಪಯಣ. ಸಮುದ್ರದಲ್ಲಿ ತಲೆಸುತ್ತುವವರು ದಯವಿಟ್ಟು ಮುಂಚಿತವಾಗಿ ತಿಳಿಸಿ.

ಬೆಟ್ಟದ ರೈಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕ್ಯಾಂಡಿಯಿಂದ ‘ಎಲ್ಲ’ ಎಂಬ ಊರಿಗೆ ಹೋಗುವ ಆ ರೈಲು, 1921ರ ಒಂಬತ್ತು ಕಮಾನಿನ ಸೇತುವೆ, ಎರಡೂ ಅಷ್ಟು ಪ್ರಸಿದ್ಧ. ಆದರೆ ಚಂಡಮಾರುತದ ನಂತರ ಅದನ್ನು ಕಾರ್ಯಕ್ರಮದ ಖಚಿತ ಭಾಗವಾಗಿ ಬರೆಯುವುದನ್ನು ನಿಲ್ಲಿಸಿದ್ದೇವೆ. ನಮ್ಮ ದಿನಾಂಕದಂದು ಯಾವ ಭಾಗದಲ್ಲಿ ರೈಲು ಓಡುತ್ತದೆಯೋ ಅಲ್ಲಿಗೆ ಟಿಕೆಟ್ ಸಿಕ್ಕರೆ ಹತ್ತುತ್ತೇವೆ, ಇಲ್ಲದಿದ್ದರೆ ಬಸ್ಸು. ಟಿಕೆಟ್ ಸಿಗದಿದ್ದರೆ ಆ ಹಣವನ್ನು ಮರಳಿಸುತ್ತೇವೆ.

ಊಟದ ವಿಷಯಕ್ಕೆ ಬಂದರೆ, ನಮ್ಮ ಅಡುಗೆಯವರನ್ನು ಜೊತೆಗೆ ಕರೆದೊಯ್ಯುವ ಪದ್ಧತಿ ಇನ್ನಿಲ್ಲ. ಶುದ್ಧ ಸಸ್ಯಾಹಾರ ಕೊಡುವ ಊಟದ ಮನೆಗಳನ್ನು ಗುರುತಿಸಿದ್ದೇವೆ. ತೆಂಗಿನಕಾಯಿಯ ಸಂಬೋಲ್‌ಗೆ ಒಣಮೀನಿನ ಪುಡಿ ಹಾಕುವ ರೂಢಿ ಅಲ್ಲಿ ಇರುವುದರಿಂದ ಬೇರೆ ಕಡೆ ತಿನ್ನುವ ಮೊದಲು ಕೇಳಿ. ಆದರೆ ಅಲ್ಲಿನ ಅಡುಗೆಯನ್ನು ದೂರವಿಡಬೇಡಿ. ಗೊಟುಕೊಲ ಎಂದು ಅವರು ಬಡಿಸುವ ಸೊಪ್ಪು ನಾವು ತಂಬುಳಿ ಮಾಡುವ ಒಂದೆಲಗವೇ. ಎಳೆ ಹಲಸಿನ ಪಲ್ಯ, ಅಕ್ಕಿಯ ಒತ್ತುಶ್ಯಾವಿಗೆ, ಮಡಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ, ಇವೆಲ್ಲ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಪ್ರತಿ ಹುಣ್ಣಿಮೆಯೂ ಅಲ್ಲಿ ಸಾರ್ವಜನಿಕ ರಜೆ. ಅಂದು ಪೇಟೆ ಸುತ್ತುವ ಬದಲು ವಿಹಾರಗಳಿಗೆ ಹೋಗುವಂತೆ ದಿನಗಳನ್ನು ಜೋಡಿಸಿದ್ದೇವೆ.

ದಿನಗಳು ಹೆಚ್ಚಾದ್ದರಿಂದ ದರವೂ ಹೆಚ್ಚಾಗುತ್ತದೆ. ಹೆಚ್ಚುವರಿ ಮೊತ್ತ ವಸತಿಗೆ, ಪ್ರವೇಶ ಶುಲ್ಕಕ್ಕೆ ಮತ್ತು ಸ್ಥಳೀಯ ಮಾರ್ಗದರ್ಶಿಗಳ ಸಂಬಳಕ್ಕೆ ಹೋಗುತ್ತದೆ, ಸಂಘದ ಸೇವಾ ಶುಲ್ಕ ಮೊದಲಿನಷ್ಟೇ. ವಿವರವಾದ ಲೆಕ್ಕದ ಪಟ್ಟಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳಿಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಮಾತ್ರ ಬೆಟ್ಟನಾಡು ಮತ್ತು ದಕ್ಷಿಣ ಕರಾವಳಿಯ ಒಂದು ತಂಡ ಇರುತ್ತದೆ. ಏಪ್ರಿಲ್ ನಡುವೆ ಸಿಂಹಳ ಮತ್ತು ತಮಿಳು ಹೊಸ ವರ್ಷಕ್ಕೆ ಅಂಗಡಿ ಮುಂಗಟ್ಟು ಮುಚ್ಚಿರುವುದರಿಂದ ಅದಕ್ಕೆ ಮೊದಲು ಹೊರಡುವುದಿಲ್ಲ. ಆಗ ಮಧ್ಯಾಹ್ನದ ಮಳೆ ನಿರೀಕ್ಷಿತ. ಹೊರಗಿನ ಕಾರ್ಯಕ್ರಮಗಳೆಲ್ಲ ಬೆಳಗಿನ ಹೊತ್ತಿಗೆ.

ದಸರಾ ಮತ್ತು ಕ್ರಿಸ್‌ಮಸ್ ಪ್ರವಾಸಗಳಿಗೆ ಈಗಾಗಲೇ ಮುಂಗಡ ಕೊಟ್ಟಿರುವವರು ಹೊಸ ದಿನಾಂಕಗಳಲ್ಲಿ ಯಾವುದನ್ನಾದರೂ ಹಳೆಯ ದರಕ್ಕೇ ಆರಿಸಿಕೊಳ್ಳಬಹುದು, ದರದ ವ್ಯತ್ಯಾಸವನ್ನು ಸಂಘ ಭರಿಸುತ್ತದೆ. ಬೇಡವೆಂದರೆ ಯಾವ ಕಡಿತವೂ ಇಲ್ಲದೆ ಪೂರ್ತಿ ಮುಂಗಡ ನಿಮ್ಮ ಬ್ಯಾಂಕ್ ಖಾತೆಗೆ ಮರಳುತ್ತದೆ. ನಿಮ್ಮ ಆಯ್ಕೆಯನ್ನು ಈ ತಿಂಗಳ ಕೊನೆಯೊಳಗೆ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಪಾಸ್‌ಪೋರ್ಟ್‌ಗೆ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ವೀಸಾ ಅನುಮತಿಯ ಅರ್ಜಿಯನ್ನು ನಾವೇ ತುಂಬುತ್ತೇವೆ; ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಅದನ್ನು ಹೊರಡುವ ಮೊದಲು ತಿಳಿಸುತ್ತೇವೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಂಘದ ಸಭಾಂಗಣದಲ್ಲಿ ಎರಡೂ ದಾರಿಗಳ ನಕ್ಷೆ ಮತ್ತು ಚಿತ್ರಗಳೊಡನೆ ಮಾಹಿತಿ ಸಭೆ ಇದೆ. ಮನೆಯ ಹಿರಿಯರನ್ನೂ ಕರೆತನ್ನಿ. ಎಷ್ಟು ನಡೆಯಬಲ್ಲರು, ಯಾವ ಔಷಧಿ ಸೇವಿಸುತ್ತಾರೆ ಎಂಬುದನ್ನು ಅವರೊಡನೆ ಮಾತನಾಡಿಯೇ ಯಾವ ತಂಡವೆಂದು ತೀರ್ಮಾನಿಸೋಣ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಪ್ರವಾಸ ಸಮಿತಿ