ಈ ಅಚ್ಚುಗಳಿಗೆ ಒಂದು ಸೂರು ಬೇಕು

ಆತ್ಮೀಯರೇ,

ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿದ್ದೆವು. ಅವರ ಅಪ್ಪ ನಮ್ಮೂರ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಎರಕ ಹೊಯ್ಯುವ ಕಡೆ, ಇದ್ದವರು. ಅಟ್ಟದ ಮೇಲೆ ಮರದ ಪ್ಯಾಟರ್ನುಗಳಿದ್ದವು, ಅಂದರೆ ಮರಳಿನಲ್ಲಿ ಒತ್ತಿ ಎರಕದ ಅಚ್ಚು ಮೂಡಿಸುವ ಮಾದರಿಗಳು. ಅವುಗಳಲ್ಲಿ ಅರ್ಧ ಬಚ್ಚಲೊಲೆ ಸೇರಿದ್ದವು. “ಸುಮ್ನೆ ಗೆದ್ದಲು ಹಿಡೀತಿತ್ತು, ನೀರು ಕಾಯಿಸಿದ್ವಿ” ಅಂದರು. ಏನು ಹೇಳೋದು? ಉಳಿದದ್ದನ್ನು ಗೋಣಿಚೀಲದಲ್ಲಿ ಕಟ್ಟಿ ಶಾಲೆಗೆ ತಂದೆವು.

ನಮ್ಮೂರು ಭದ್ರಾವತಿ. ಹಳೆ ಹೆಸರು ಬೆಂಕಿಪುರ. ಕುಲುಮೆಯಿಂದ ಆ ಹೆಸರು ಬಂತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಹೆಸರು ಮೊದಲಿನದು, ಕುಲುಮೆ ಆಮೇಲೆ ಬಂದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾಯಿತು. 1923ರ ಜನವರಿಯಲ್ಲಿ ಬೀಡು ಕಬ್ಬಿಣ ಹೊರಬಂತು. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಹೊತ್ತರು.

ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ಮಾತ್ರ ನಮ್ಮ ಕಡೆ ಇಲ್ಲ. ಅದಕ್ಕೇ ಮಲೆನಾಡಿನ ಸೌದೆಯಿಂದ ಇದ್ದಿಲು ಮಾಡಿದರು. ಆಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ ಟಾರು, ಮರದ ಸ್ಪಿರಿಟ್ಟು ತೆಗೆದರು. ಇದಕ್ಕೆ ಎಷ್ಟು ಕಾಡು ಹೋಯಿತು ಅನ್ನೋದನ್ನೂ ಮಕ್ಕಳಿಗೆ ಹೇಳಬೇಕು, ಮುಚ್ಚಿಡಬಾರದು.

ಅದಿರು ಕರಗಿಸುವ ಆ ಕಾಲದ ಊದುಕುಲುಮೆಗೆ ಹಗಲೂ ರಾತ್ರಿ ಗಾಳಿ ಊದಬೇಕು. ಗಾಳಿ ಊದಲು ಇಂಜಿನ್ನು, ಇಂಜಿನ್ನಿಗೆ ಉಗಿ, ಉಗಿಗೆ ಬಾಯ್ಲರು. ಬಾಯ್ಲರಿನವನ ಕಣ್ಣು ಎರಡೇ ಕಡೆ: ಒತ್ತಡ ತೋರಿಸುವ ಮುಳ್ಳು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ನೀರು ಜಾಸ್ತಿ ಇಳಿದರೆ ಒಳಗಿನ ತಗಡು ಕೆಂಪಗೆ ಕಾದು ಬಾಯ್ಲರೇ ಸಿಡಿಯುತ್ತದೆ. ಅಂಥದ್ದೊಂದು ಹಿತ್ತಾಳೆಯ ಗೇಜು ನಮ್ಮ ಹತ್ತಿರ ಬಂದಿದೆ. ಮುಳ್ಳು ಸೊನ್ನೆಗೆ ಬರುವುದೇ ಇಲ್ಲ.

ಗೋಣಿಚೀಲದಲ್ಲಿ ಒಂದು ಅಡಿಪಟ್ಟಿಯೂ ಇತ್ತು. ಅಂಗಡಿಯ ಅಡಿಪಟ್ಟಿಯ ಪಕ್ಕ ಇಟ್ಟರೆ ಇದು ಒಂದು ಎಳ್ಳಿನಷ್ಟು ಉದ್ದ. ಮೇಷ್ಟ್ರು ಮೊದಲು ತಪ್ಪು ಪಟ್ಟಿ ಅಂದರು. ತಪ್ಪಲ್ಲ. ಕರಗಿದ ಕಬ್ಬಿಣ ಆರುವಾಗ ಅಡಿಗೆ ಸುಮಾರು 3 ಮಿಲಿಮೀಟರು ಕುಗ್ಗುತ್ತದೆ. ಅಷ್ಟನ್ನು ಸೇರಿಸಿಕೊಂಡೇ ಪ್ಯಾಟರ್ನು ಕೆತ್ತಬೇಕು, ಅದಕ್ಕೇ ಈ ಪಟ್ಟಿ. ಹಿರಿಯರೊಬ್ಬರು ಶಾಲೆಗೆ ಬಂದು ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆಯನ್ನು ಎರಡು ತುಂಡು ಮಾಡಿ ತೋರಿಸಿದರು. ಅಂಚು ಉದುರದೆ ಮುರಿದರೆ ಹದ ಸರಿ. ಕೈಗೆ ನೀರು ಅಂಟಿದರೆ ಎರಕ ಹೊಯ್ಯುವಾಗ ಉಗಿ ಎದ್ದು ಕಬ್ಬಿಣ ಚಿಮ್ಮುತ್ತದೆ. ಏಳನೇ ಕ್ಲಾಸಿನ ಹುಡುಗರು ಆವತ್ತು ಊಟದ ಬೆಲ್ಲಿಗೂ ಏಳಲಿಲ್ಲ!

ಈಗ ಇವೆಲ್ಲ ಇರುವುದು ಸೋರುವ ಕ್ರೀಡಾ ಕೊಠಡಿಯಲ್ಲಿ, ವಾಲಿಬಾಲ್ ನೆಟ್ಟಿನ ಕೆಳಗೆ. ಆ ಕೊಠಡಿಗೆ ಹೊಸ ಸೂರು, ಗಾಜಿನ ಎರಡು ಬೀರು, ಹಿರಿಯ ಕೆಲಸಗಾರರ ಮಾತು ರೆಕಾರ್ಡ್ ಮಾಡಲು ಒಂದು ಸಣ್ಣ ಯಂತ್ರ, ಇಷ್ಟೇ ಬೇಕು. ಒಟ್ಟು ಅಂದಾಜು 2,40,000 ರೂಪಾಯಿ. ನಮ್ಮೊಳಗೆ 85,000 ಕೂಡಿದೆ. 500 ಕೊಟ್ಟರೂ ಸಂತೋಷ, ಒಂದು ಬೀರುವಿನ ಖರ್ಚು 18,000 ವಹಿಸಿಕೊಂಡರೆ ಇನ್ನೂ ಸಂತೋಷ. ಶಾಲೆಯ ಕಚೇರಿಯಲ್ಲಿ ಬೆಳಗ್ಗೆ 10ರಿಂದ 4ರವರೆಗೆ ಹಣ ಕಟ್ಟಿ ರಸೀದಿ ಪಡೆಯಬಹುದು. ಲೆಕ್ಕವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಹಣ ಆಗದಿದ್ದರೆ ಒಮ್ಮೆ ನಿಮ್ಮ ಅಟ್ಟ ಹತ್ತಿ ನೋಡಿ. ಪ್ಯಾಟರ್ನು, ಇಕ್ಕಳ, ಹಳೆ ಹಾಜರಿ ಬಿಲ್ಲೆ ಏನೇ ಸಿಕ್ಕರೂ ಒಲೆಗೋ ಗುಜರಿಗೋ ಹಾಕುವ ಮೊದಲು ನಮಗೊಂದು ಮಾತು ಹೇಳಿ. ನಾವೇ ಬಂದು ಇಳಿಸಿಕೊಳ್ಳುತ್ತೇವೆ.

ಶಾಲೆಯ ಹಳೆ ವಿದ್ಯಾರ್ಥಿಗಳ ಪರವಾಗಿ