ಬೇರೆ ಧರ್ಮಗಳ ಪಾಠ ಮಗುವಿಗೆ ಬೇಕಾ ಅಂತ ಕೇಳಿದೆಯಲ್ಲ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಮಗಳಿಗೆ ಶಾಲೆಯಲ್ಲಿ ಜಗತ್ತಿನ ಧರ್ಮಗಳ ಬಗ್ಗೆ ಪಾಠ ಶುರುವಾಗಿದೆ, ಜೊತೆಗೆ ಸೇವೆಯ ಕೆಲಸಕ್ಕೂ ಕಳಿಸುತ್ತಾರೆ ಅಂತ ಬರೆದಿದ್ದೀಯ. ಇಷ್ಟು ಚಿಕ್ಕವಳಿಗೆ ಇದೆಲ್ಲ ಗೊಂದಲ ಆಗಲ್ವಾ, ನಾಳೆ ನಮ್ಮದನ್ನೇ ಬಿಟ್ಟರೆ ಏನು ಗತಿ ಅನ್ನೋದು ನಿನ್ನ ಚಿಂತೆ.

ಒಂದು ಧರ್ಮದ ಬಗ್ಗೆ ತಿಳಿಸುವುದು ಬೇರೆ, ಅದನ್ನು ನಂಬು ಅನ್ನುವುದು ಬೇರೆ. 'ಯಹೂದಿಗಳು ಹೀಗೆ ನಂಬುತ್ತಾರೆ, ಬೌದ್ಧರು ಹೀಗೆ ನಂಬುತ್ತಾರೆ' ಅಂತ ಟೀಚರ್ ಹೇಳಿದರೆ ಅದು ಪಾಠ. 'ಇದೊಂದೇ ನಿಜ' ಅಂದರೆ ಪ್ರಚಾರ. ಆಗ ಮಾತ್ರ ಹೋಗಿ ಕೇಳು, ಸುಮ್ನಿರಬೇಡ. ಮನೆಯ ನಂಬಿಕೆ ಕಲಿಸುವುದು ಹೇಗಿದ್ದರೂ ನಿನ್ನ ಕೆಲಸ.

ನನ್ನ ಚಿಂತೆಯೇ ಬೇರೆ. ಎಷ್ಟೋ ಸಲ ಈ ಪಾಠ ನಾಲ್ಕು ಹಬ್ಬದ ಹೆಸರು, ಒಂದಿಷ್ಟು ಬಣ್ಣದ ಚಿತ್ರ, ಕೊನೆಗೆ 'ಎಲ್ಲ ಧರ್ಮಗಳೂ ಒಂದೇ' ಅನ್ನುವ ಸಾಲಿಗೆ ಮುಗಿದುಹೋಗುತ್ತದೆ. ಒಂದೇ ಅಂದಮೇಲೆ ತಿಳಿಯುವುದಕ್ಕೆ ಏನು ಉಳಿಯಿತು ಹೇಳು? ಯಾವ ಧರ್ಮ ಪಕ್ಕದವರಿಗೆ ಏನು ಮಾಡು ಅನ್ನುತ್ತದೆ, ಹೇಗೆ ಮಾಡು ಅನ್ನುತ್ತದೆ, ಅದನ್ನು ಮಗು ಬಿಡಿಬಿಡಿಯಾಗಿ ಕೇಳಬೇಕು.

ಮುಸ್ಲಿಮರ ಜಕಾತ್ ನೋಡು. ಉಳಿತಾಯ ಒಂದು ಮಿತಿ ದಾಟಿ ವರ್ಷ ತುಂಬಿತು ಅಂದರೆ ಅದರಲ್ಲಿ ಶೇ. 2.5 ಭಾಗ ಕೊಡಲೇಬೇಕು. ಮನಸ್ಸು ಬಂದರೆ ಕೊಡುತ್ತೇನೆ ಅನ್ನುವ ಹಾಗಿಲ್ಲ. ಸಿಖ್ಖರ ಲಂಗರ್, ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಹಾಕುವ ಉಚಿತ ಊಟ, ಗುರು ನಾನಕರ ಕಾಲದಿಂದ ಬಂದದ್ದು. ಅಲ್ಲಿ ಯಾರೇ ಬರಲಿ, ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲ ಸೇವೆಯೇ. ತಿರುಗಿ ಏನನ್ನೂ ಮಾಡಲಾಗದವರಿಗೆ, ಕೊಡಬೇಕು ಅನ್ನುವ ಒಂದೇ ಕಾರಣಕ್ಕೆ ಕೊಟ್ಟದ್ದನ್ನು ಗೀತೆಯ 17ನೇ ಅಧ್ಯಾಯ ಸಾತ್ವಿಕ ದಾನ ಅನ್ನುತ್ತದೆ. ಯೇಸು ಹೇಳಿದ ಕಥೆಯಲ್ಲಿ ಕಳ್ಳರು ಹೊಡೆದು ಬಿಸಾಕಿದವನನ್ನು ಕಂಡೂ ಯಾಜಕ ಪಕ್ಕಕ್ಕೆ ಸರಿದು ಹೋಗುತ್ತಾನೆ. ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ಛತ್ರಕ್ಕೆ ಕರೆದೊಯ್ದು, ಖರ್ಚಿಗೂ ಕೊಟ್ಟವನು ಸಮಾರ್ಯದವನು. ಕಥೆ ಕೇಳುತ್ತಿದ್ದವರು ಯಹೂದಿಗಳು, ಅವರಿಗೂ ಸಮಾರ್ಯ ಅನ್ನುವ ನಾಡಿನವರಿಗೂ ಆಗ ಆಗಿಬರುತ್ತಿರಲಿಲ್ಲ. ಇದನ್ನು ಹೇಳದೆ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೈಮೋನಿಡೀಸ್ ಎಂಬ ಯಹೂದಿ ಪಂಡಿತನ ಮಾತು. 12ನೇ ಶತಮಾನದವನು. ಕೊಡುವುದರಲ್ಲಿ 8 ಮೆಟ್ಟಿಲು ಇವೆ ಅಂತ ಬರೆದ. ಮುಖ ಸಿಂಡರಿಸಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವನಿಗೂ ಪಡೆದವನಿಗೂ ಒಬ್ಬರಿಗೊಬ್ಬರು ಯಾರೆಂದು ಗೊತ್ತಾಗದ ಹಾಗೆ ಕೊಡುವುದು ಬಹಳ ಮೇಲೆ. ಅದಕ್ಕೂ ಮೇಲಿರುವುದು ಸಾಲ ಕೊಟ್ಟೋ, ಕೆಲಸ ಕೊಡಿಸಿಯೋ, ಇನ್ನೊಬ್ಬರ ಮುಂದೆ ಕೈಚಾಚದ ಹಾಗೆ ಮಾಡುವುದು. ಇದನ್ನು ಮಗಳ ಜೊತೆ ಕೂತು ಮಾತಾಡು. ನಮ್ಮ ಕ್ಲಾಸು ಯಾವ ಮೆಟ್ಟಿಲಲ್ಲಿದೆ ಅಂತ ಅವಳೇ ಲೆಕ್ಕ ಹಾಕುತ್ತಾಳೆ, ನೋಡುತ್ತಿರು.

ಸೇವೆಯ ವಿಷಯಕ್ಕೆ ಬಂದರೆ, ಫೋಟೊ ತೆಗೆಯುವುದು ಮೊದಲು ನಿಲ್ಲಬೇಕು. ಸಾಮಾನು ಪಡೆಯುವ ಮಗು ತಲೆ ತಗ್ಗಿಸಿರುತ್ತದೆ, ಕೊಡುವ ಮಗು ಕ್ಯಾಮೆರಾ ನೋಡಿ ನಗುತ್ತಿರುತ್ತದೆ. ಇಬ್ಬರಿಗೂ ತಪ್ಪು ಪಾಠ ಅದು. ಹಳೇ ಬಟ್ಟೆ ಸೇರಿಸುತ್ತಾರೆ ಅಂದಿದ್ದೆಯಲ್ಲ, ಕೊಡುವ ಮುಂಚೆ ಒಂದೊಂದು ಅಂಗಿಯನ್ನೂ ಅವಳ ಕೈಯಲ್ಲೇ ಬಿಡಿಸಿ ನೋಡಿಸು. ಗುಂಡಿ ಇದೆಯಾ? ಜಿಪ್ ಪೂರ್ತಿ ಮೇಲೆ ಬರುತ್ತಾ? ಕಂಕುಳಲ್ಲಿ ಹೊಲಿಗೆ ಬಿಟ್ಟಿದೆಯಾ? ಗುಂಡಿ ಇಲ್ಲದಿದ್ದರೆ ಸೂಜಿ ದಾರ ಕೊಟ್ಟು ಕೂರಿಸು. ವಾರೆಯಾದರೂ ಪರವಾಗಿಲ್ಲ, ಗಟ್ಟಿಯಾಗಿರಲಿ. ಹಾಕಿಕೊಳ್ಳುವವರನ್ನು ನೆನೆಯದೆ ಈ ಕೆಲಸ ಮಾಡಲಾಗುವುದಿಲ್ಲ. ನೂರು ಅಂಗಿ ರಾಶಿ ಹಾಕುವುದಕ್ಕಿಂತ ಇದು ಜಾಸ್ತಿ ಅಂತ ನನ್ನ ಲೆಕ್ಕ.

ಈ ಸೇವೆಗೆ ಶಾಲೆಯಲ್ಲಿ ಮಾರ್ಕ್ಸ್ ಕೊಡುತ್ತಾರಾ ಇಲ್ಲವಾ ಅನ್ನೋದು ಬಿಡು, ಅದು ದೊಡ್ಡ ವಿಷಯ ಅಲ್ಲ.

ಮುಂದಿನ ಸಲ ಟೀಚರ್ ಸಿಕ್ಕಾಗ ಎರಡು ಮಾತು ಕೇಳು. ಯಾರಿಗೆ ಸಹಾಯ ಮಾಡುತ್ತಾರೋ ಅವರಿಗೆ ಏನು ಬೇಕು ಅಂತ ಮೊದಲು ವಿಚಾರಿಸಿದ್ದಾರಾ? ಅದೇ ಜಾಗಕ್ಕೆ ಮಕ್ಕಳು ಮತ್ತೆ ಮತ್ತೆ ಹೋಗುತ್ತಾರಾ, ಇಲ್ಲ ಒಂದೇ ದಿನದ ಕಾರ್ಯಕ್ರಮವಾ? ಏನು ಹೇಳಿದರು ಅಂತ ನನಗೆ ಬರಿ. ಮಗಳ ಪುಸ್ತಕದಲ್ಲಿ ಯಾವ ಯಾವ ಧರ್ಮಗಳ ಪಾಠ ಇದೆ ಅಂತಲೂ ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ