ಟುಪೊಲೆವ್ ಬಂತು, ಕಥೆ ಹೇಳುವವರು ಎಲ್ಲಿ?

ಇಲ್ಲಿ ಇಂಗ್ಲೆಂಡಿನ ನಮ್ಮ ಕನ್ನಡ ಬಳಗದಿಂದ ಈ ಡಿಸೆಂಬರ್‌ನಲ್ಲಿ ಊರಿಗೆ ಹೊರಟವರಲ್ಲಿ ಉತ್ತರ ಕನ್ನಡದವರೇ ಜಾಸ್ತಿ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಸಿದ್ದಾಪುರ ಎಲ್ಲ ಸೇರಿಸಿದರೆ ಒಂದು ಮಿನಿಬಸ್ ತುಂಬುತ್ತದೆ. ಹಾಗಾಗಿ ಸಮಿತಿಯಲ್ಲಿ ಒಂದು ಮಾತು ಬಂತು. ಎರಡು ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು, ಕಾರವಾರದಿಂದ ಗೋವಾದ ಬೊಗ್ಮಾಲೊವರೆಗೆ ಯುದ್ಧಕಾಲದ ವಿಮಾನ, ಹಡಗು, ಜಾಗಗಳನ್ನು ನೋಡಿ ಬಂದರೆ ಹೇಗೆ? ಗೋಕರ್ಣ, ಮುರ್ಡೇಶ್ವರ, ಯಾಣ ಎಲ್ಲರಿಗೂ ಬಾಯಿಪಾಠ. ಕಾರವಾರದ ಕಡಲತೀರದಲ್ಲಿ ತಂದು ನಿಲ್ಲಿಸಿದ ನೌಕಾಪಡೆಯ ಹಳೆಯ ವಿಮಾನ ಟುಪೊಲೆವ್ ಅನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಹೈವೇಯಲ್ಲಿ ಕಾರು ನಿಧಾನ ಮಾಡಿ ಕಿಟಕಿಯಿಂದ ನೋಡಿದ್ದಷ್ಟೇ.

ಈ ಯೋಚನೆ ಹುಟ್ಟಿದ್ದು ಇಲ್ಲೇ, ಸಸೆಕ್ಸ್‌ನಲ್ಲಿ. ಬೇಸಿಗೆಯಲ್ಲಿ ಬಳಗದ ಕೆಲವರು ಟ್ಯಾಂಗ್ಮಿಯರ್‌ನ ವಿಮಾನ ಮ್ಯೂಸಿಯಂಗೆ ಹೋಗಿದ್ದೆವು. ಒಳಗಿನ ವಿಮಾನಗಳನ್ನೆಲ್ಲ ನೋಡಿದ ಮೇಲೆ ಅಲ್ಲಿನ ಸ್ವಯಂಸೇವಕ ಗೈಡ್ ನಮ್ಮನ್ನು ಹೊರಗೆ ನಿಲ್ಲಿಸಿದರು. ಎದುರಿಗೆ ಬರೀ ಹೊಲ, ಯುದ್ಧದ ಕಾಲದಲ್ಲಿ ಅದು ಬ್ರಿಟಿಷರ ವಿಮಾನ ನೆಲೆ. 1940ರ ಆಗಸ್ಟ್ 16ರ ಮಧ್ಯಾಹ್ನ ಜರ್ಮನಿಯ ಸ್ಟುಕಾ ವಿಮಾನಗಳು ಯಾವ ಕಡೆಯಿಂದ ಬಂದವು ಅಂತ ಕೈ ತೋರಿಸಿದರು. ಅದೇ ದಿನ ಬಿಲ್ಲಿ ಫಿಸ್ಕ್ ಎಂಬ ಅಮೆರಿಕದ ಪೈಲಟ್ ಪೆಟ್ಟು ತಿಂದ ಹರಿಕೇನ್ ವಿಮಾನವನ್ನು ಹೇಗೋ ಇಲ್ಲಿಗೇ ತಂದು ಇಳಿಸಿದ, ಸುಟ್ಟ ಗಾಯದಿಂದ ಮರುದಿನ ತೀರಿಕೊಂಡ ಅಂದರು. ಮೊಬೈಲ್ ಹಿಡಿದುಕೊಂಡಿದ್ದ ಮಕ್ಕಳೂ ತಲೆ ಎತ್ತಿ ಆಕಾಶ ನೋಡಿದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ, ಆದರೆ ಹೇಳುವವರು ಇದ್ದರು.

ಅಲ್ಲೇ ಹತ್ತಿರ ಗುಡ್‌ವುಡ್. ಈಗ ಕಾರ್ ರೇಸಿಗೆ ಹೆಸರಾದ ಆ ಬಯಲು ಯುದ್ಧದ ಕಾಲದಲ್ಲಿ ವೆಸ್ಟ್‌ಹ್ಯಾಂಪ್ನೆಟ್ ವಿಮಾನ ನೆಲೆಯಾಗಿತ್ತು. 1941ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದ ಸ್ಪಿಟ್‌ಫೈರ್ ತುಕಡಿಯ ಪೂರ್ತಿ ಹೆಸರು '129 (ಮೈಸೂರು) ಸ್ಕ್ವಾಡ್ರನ್'. ಹೌದು, ನಮ್ಮ ಮೈಸೂರೇ. ಸಂಸ್ಥಾನ ಕೊಟ್ಟ ದೇಣಿಗೆಯ ನೆನಪಿಗೆ ಇಟ್ಟ ಹೆಸರು. ತುಕಡಿಯ ಲಾಂಛನದಲ್ಲಿ ಗಂಡಭೇರುಂಡ! ಕೆಎಸ್ಆರ್‌ಟಿಸಿ ಬಸ್ಸಿನ ಮೇಲೆ ನೋಡಿದ ಹಕ್ಕಿ ಇಂಗ್ಲಿಷ್ ಕಾಲುವೆಯ ಮೇಲೂ ಹಾರಿದೆ ಅಂತ ಗೊತ್ತಾದಾಗ ನಮ್ಮ ಗುಂಪಿನಲ್ಲಿದ್ದ ಮೈಸೂರಿನವರ ಎದೆ ಎರಡು ಇಂಚು ಉಬ್ಬಿತು. ಇದೇ ತುಕಡಿ 1944ರಲ್ಲಿ ಮಸ್ಟಾಂಗ್ ವಿಮಾನಗಳಲ್ಲಿ ನಾರ್ಮಂಡಿಯ ಮೇಲೆ ಹಾರಿತು, ಆಮೇಲೆ ಲಂಡನ್ ಕಡೆ ಬರುತ್ತಿದ್ದ ವಿ-1 ಹಾರುವ ಬಾಂಬುಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಕಾರವಾರದವರು ಮಾತ್ರ ಸುಮ್ಮನೆ ನಗುತ್ತಿದ್ದರು. ಆಗ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ, ಮೈಸೂರಿಗೆ ಸೇರಿದ್ದು 1956ರಲ್ಲಿ. ಹಕ್ಕಿಯಲ್ಲಿ ನಮಗೆ ಪಾಲಿಲ್ಲ ಅಂತ ತಮಾಷೆ. ತಡೆಯಿರಿ, ಪಾಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಕಾರವಾರಕ್ಕೆ ಬರೋಣ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ, ಟುಪೊಲೆವ್ ಟಿಯು-142ಎಂ ನಿಂತಿದೆ. ತಮಿಳುನಾಡಿನ ಅರಕ್ಕೋಣಂನ ನೌಕಾ ವಿಮಾನ ನೆಲೆಯಿಂದ ಬಿಡಿ ಬಿಡಿಯಾಗಿ ಲಾರಿಗಳಲ್ಲಿ ಬಂದು ಇಲ್ಲಿ ಮತ್ತೆ ಜೋಡಣೆಯಾದ ವಿಮಾನ. ಉದ್ದ 53 ಮೀಟರ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್. ಫೋಟೋದಲ್ಲಿ ಇದರ ಗಾತ್ರ ಗೊತ್ತಾಗುವುದಿಲ್ಲ. ಹೊಟ್ಟೆಯ ಕೆಳಗೆ ಹೋಗಿ ನಿಲ್ಲಬೇಕು.

ನಿಂತ ಮೇಲೆ ಮೊದಲು ಪ್ರೊಪೆಲ್ಲರ್ ನೋಡಿ. ರೆಕ್ಕೆಗೆ ಎರಡರಂತೆ ನಾಲ್ಕು ಎಂಜಿನ್. ಪ್ರತಿ ಎಂಜಿನ್ ಮೂತಿಯಲ್ಲಿ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್, ಒಂದೊಂದಕ್ಕೆ ನಾಲ್ಕು ಅಲಗು. ಹಾರುವಾಗ ಮುಂದಿನದು ಒಂದು ದಿಕ್ಕಿಗೆ ತಿರುಗಿದರೆ ಹಿಂದಿನದು ಅದಕ್ಕೆ ವಿರುದ್ಧ ದಿಕ್ಕಿಗೆ. ಮುಂದಿನದು ಸುತ್ತಿಸಿ ಬಿಟ್ಟ ಗಾಳಿಯನ್ನು ಹಿಂದಿನದು ನೇರ ಮಾಡಿ ದೂಡುತ್ತದೆ, ಶಕ್ತಿ ಅಷ್ಟಾಗಿ ಪೋಲಾಗುವುದಿಲ್ಲ. ಎಂಜಿನ್‌ಗೆ ಸುಮಾರು 15,000 ಅಶ್ವಶಕ್ತಿ. ಪ್ರೊಪೆಲ್ಲರ್ ವಿಮಾನ ಅಂದರೆ ನಿಧಾನ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಇದು ಗಂಟೆಗೆ 900 ಕಿಲೋಮೀಟರಿನ ಹತ್ತಿರ ಹೋಗುತ್ತಿತ್ತು, ಜೆಟ್‌ಗೆ ಸರಿಸಮ.

ಇದರ ಕೆಲಸ ಬಾಂಬು ಸುರಿಯುವುದಾಗಿರಲಿಲ್ಲ, ಸಬ್‌ಮರೀನ್ ಹುಡುಕುವುದು. ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುತ್ತಾ ಸೋನೋಬಾಯ್ ಎಂಬ ಉಪಕರಣಗಳನ್ನು ನೀರಿಗೆ ಬಿಡುತ್ತಿತ್ತು. ಬೀಡುಬಲೆಗೆ ಕಟ್ಟಿದ ಬೆಂಡಿನ ಹಾಗೆ ಅದು ಮೇಲೆ ತೇಲುತ್ತದೆ, ಕೆಳಗೆ ಇಳಿಬಿಟ್ಟ ಮೈಕು ನೀರೊಳಗಿನ ಸದ್ದನ್ನು ಹಿಡಿದು ರೇಡಿಯೋದಲ್ಲಿ ವಿಮಾನಕ್ಕೆ ಕಳಿಸುತ್ತದೆ. ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು ಇದು ತಿಮಿಂಗಿಲವೋ, ವ್ಯಾಪಾರಿ ಹಡಗೋ, ಸಬ್‌ಮರೀನೋ ಅಂತ ಬೇರೆ ಮಾಡಬೇಕು. ಮೀನುಗಾರರ ಊರಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ. ಆದರೆ ಎದುರಿಗೆ ನಿಂತು ವಿವರಿಸುವವರು ಬೇಕು.

ಇನ್ನೊಂದು ಸಂಗತಿ. 1988ರಲ್ಲಿ ನೌಕಾಪಡೆಗೆ ಈ ವಿಮಾನಗಳು ಬಂದಾಗ ಅವುಗಳ ಮೊದಲ ಮನೆ ಗೋವಾದ ದಾಬೋಲಿಂ. ಕಾರವಾರದಿಂದ ಸುಮಾರು ನೂರು ಕಿಲೋಮೀಟರ್. ಆಮೇಲೆ 1992ರಲ್ಲಿ ಅರಕ್ಕೋಣಂಗೆ ಹೋದವು. ಅಂದರೆ ಇವು ನಮ್ಮ ಕರಾವಳಿಗೆ ಹೊರಗಿನವಲ್ಲ, ಪಕ್ಕದ ಮನೆಯವೇ. ಅದೇ 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ನಲ್ಲಿ ದಂಗೆಯಾದಾಗ ನಡೆದ ಆಪರೇಷನ್ ಕ್ಯಾಕ್ಟಸ್‌ನಲ್ಲೂ ಟಿಯು-142 ಕೆಲಸ ಮಾಡಿದೆ. 2017ರ ಮಾರ್ಚ್ 29ಕ್ಕೆ ನಿವೃತ್ತಿ. ಈಗ ಆ ಕೆಲಸ ಬೋಯಿಂಗ್ ಪಿ-8ಐಗೆ. ವಿಶಾಖಪಟ್ಟಣದ ಬೀಚಿನಲ್ಲೂ ಇಂಥದ್ದೇ ಒಂದು ಇದೆ, 2017ರ ಡಿಸೆಂಬರ್‌ನಿಂದ.

ಪಕ್ಕದ ಚಾಪಲ್ ಬಗ್ಗೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಊರಲ್ಲಿ ಯಾರನ್ನು ಕೇಳಿದರೂ '1971ರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು ಇದೇ' ಅನ್ನುತ್ತಾರೆ. ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಾಪಲ್ ರಷ್ಯಾದಿಂದ ಬಂದು ನೌಕಾಪಡೆ ಸೇರಿದ್ದು 1976ರಲ್ಲಿ. ಆ ದೋಣಿಗಳ ತಂಗಿ ಅನ್ನಬಹುದು, ಸುಧಾರಿಸಿದ ಮಾದರಿ. 2005ರಲ್ಲಿ ನಿವೃತ್ತಿಯಾಗಿ ಮರಳಿನ ಮೇಲೆ ಬಂದು ಕೂತಿತು. ಹೋಗದ ಯುದ್ಧಕ್ಕೆ ಅದನ್ನು ಕಳಿಸುವ ಅಗತ್ಯ ಏನಿದೆ? ಡೆಕ್ಕಿನ ಮೇಲಿನ ನಾಲ್ಕು ಕ್ಷಿಪಣಿ ಪೆಟ್ಟಿಗೆಗಳನ್ನು ನೋಡಿ, ಆಮೇಲೆ ತಲೆ ಬಗ್ಗಿಸಿ ಒಳಗೆ ಇಳಿಯಿರಿ. ಇಷ್ಟು ಇಕ್ಕಟ್ಟಿನಲ್ಲಿ, ಡೀಸೆಲ್ ವಾಸನೆಯಲ್ಲಿ, ಅಲೆ ಎದ್ದ ಸಮುದ್ರದಲ್ಲಿ ಮನುಷ್ಯರು ಕೆಲಸ ಮಾಡಿದ್ದರು ಅಂದರೆ ಅದೇ ದೊಡ್ಡ ಕಥೆ.

ಇನ್ನು ನಮ್ಮ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಹೋಗಲು ಆಗುವುದೇ ಇಲ್ಲ. ಅದು ಅಂಜುದೀವ್. ಬಿಣಗಾದ ಎದುರಿಗೆ ಇರುವ ದ್ವೀಪ. ಕಣ್ಣಿಗೆ ಕಾರವಾರದ್ದು, ಕಾಗದದ ಮೇಲೆ ಗೋವಾದ್ದು. 1505ರಲ್ಲೇ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಹೊರಟಿದ್ದರು. 1961ರ ನವೆಂಬರ್ 17ರಂದು ಅಲ್ಲಿಂದ 'ಸಬರ್ಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಅದೂ ಒಂದು ಕಾರಣವಾಯಿತು. ಡಿಸೆಂಬರ್ 18ರಂದು ಐಎನ್ಎಸ್ ತ್ರಿಶೂಲ್‌ನಿಂದ ಹೊರಟು ದ್ವೀಪಕ್ಕೆ ಇಳಿದ ನಾವಿಕರ ಮೇಲೆ ಗುಂಡಿನ ಸುರಿಮಳೆಯಾಯಿತು. ನೌಕಾಪಡೆಯ ಏಳು ಜನ ಸತ್ತರು. ಆಗ ಅಲ್ಲಿದ್ದ ಇನ್ನೊಂದು ಹಡಗು ಐಎನ್ಎಸ್ ಮೈಸೂರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ 'ನೈಜೀರಿಯಾ' ಆಗಿದ್ದ ಕ್ರೂಸರ್ ಅದು, 1957ರಲ್ಲಿ ನಮ್ಮದಾಯಿತು. ಅದರ ಲಾಂಛನ? ಗಂಡಭೇರುಂಡ. ಸ್ಪಿಟ್‌ಫೈರ್ ತುಕಡಿಯ ಅದೇ ಹಕ್ಕಿ ಕಾರವಾರದ ಎದುರಿನ ಸಮುದ್ರದಲ್ಲೇ ಯುದ್ಧ ಮಾಡಿದೆ. ಆದ್ದರಿಂದ ಕಾರವಾರದವರೇ, ನಿಮ್ಮ ಪಾಲು ತಗೊಳ್ಳಿ.

ಈಗ ಆ ದ್ವೀಪ ಕದಂಬ ನೌಕಾನೆಲೆಯ ಒಳಗಿದೆ. ಅಲೆ ತಡೆಯುವ ಗೋಡೆ ಅದನ್ನು ದಡಕ್ಕೆ ಜೋಡಿಸಿಬಿಟ್ಟಿದೆ. ದೂರದಿಂದ ನೋಡಬೇಕು, ನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬಾರದು.

ನೌಕಾನೆಲೆ ಅಂದ ಮೇಲೆ ಅದನ್ನು ಕಟ್ಟಿದ ಸೀಬರ್ಡ್ ಯೋಜನೆಯ ನಿರಾಶ್ರಿತರ ಮಾತು ಬರಲೇಬೇಕು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಇಟ್ಟರು, 2005ರ ಮೇ 31ರಂದು ನೆಲೆ ಶುರುವಾಯಿತು. ಈಗ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆಯ ತವರು ಬಂದರು ಇದು. ಆದರೆ ಅರ್ಗಾ, ಬಿಣಗಾ ಸುತ್ತಲಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವರು ನಮ್ಮ ಬಳಗದವರ ನೆಂಟರಲ್ಲೇ ಇದ್ದಾರೆ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣಕ್ಕೆ ಭೂಮಿ ಹೋಗುತ್ತಿರುವುದು ಅದೇ ಕಥೆಯ ಮುಂದಿನ ಭಾಗ. ಟುಪೊಲೆವ್ ಎದುರು ಸೆಲ್ಫಿ ತೆಗೆದುಕೊಂಡವರು ತೋಡೂರಿನ ಸೀಬರ್ಡ್ ಕಾಲೊನಿಯಲ್ಲಿ ಒಂದು ಗಂಟೆ ಕೂತು ಹಿರಿಯರ ಮಾತು ಕೇಳಬೇಕು ಅನ್ನುವುದು ನನ್ನ ಹಟ. ಸಮಿತಿಯಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ, 'ರಜೆಯಲ್ಲಿ ಯಾಕೆ ರಗಳೆ' ಅಂದರು. ಟ್ಯಾಂಗ್ಮಿಯರ್‌ನಲ್ಲಿ ಸತ್ತವರ ಕಥೆಯನ್ನು ಕಣ್ಣು ಒದ್ದೆ ಮಾಡಿಕೊಂಡು ಕೇಳಿದವರೂ ಅವರೇ.

ಎರಡನೇ ದಿನ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಮೇಲೆ ಗೋವಾ. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ಗೊತ್ತಲ್ಲ, ಹೊಸದರ ಮೇಲೆ ಹೋಗುವುದು.

ಬೊಗ್ಮಾಲೊದ ನೌಕಾ ವಿಮಾನ ಮ್ಯೂಸಿಯಂ 1998ರದ್ದು. ಹಳೆಯ ವಿಮಾನವಾಹಕ ನೌಕೆ ವಿಕ್ರಾಂತ್‌ನಿಂದ ಹಾರುತ್ತಿದ್ದ ಸೀ ಹಾಕ್, ಆಲಿಜೆ ವಿಮಾನಗಳು ಇಲ್ಲಿವೆ. 1971ರ ಡಿಸೆಂಬರ್ 4ರಂದು ಈ ಜಾತಿಯ ಸೀ ಹಾಕ್‌ಗಳೇ ವಿಕ್ರಾಂತ್‌ನಿಂದ ಹೊರಟು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು. ನಮ್ಮ ಬೆಂಗಳೂರಿನ ಎಚ್ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಕೂಡ ಇದೆ. 1951ರಲ್ಲಿ ಮೊದಲು ಹಾರಿದ ಆ ಪುಟ್ಟ ತರಬೇತಿ ವಿಮಾನದ ಮುಂದೆ ಯಾರೂ ನಿಲ್ಲುವುದಿಲ್ಲ, ನಾವು ನಿಲ್ಲೋಣ.

ಎಲ್ಲರೂ ನಿಲ್ಲುವುದು ಸೂಪರ್ ಕಾನ್‌ಸ್ಟಲೇಶನ್ ವಿಮಾನದ ಮುಂದೆ. ಮೂರು ಬಾಲದ ಚೆಲುವೆ. ಮೊದಲು ಏರ್ ಇಂಡಿಯಾದ್ದು, ಆಮೇಲೆ ವಾಯುಪಡೆಯದ್ದು, ಕೊನೆಗೆ ನೌಕಾಪಡೆಯದ್ದು. ಇಲ್ಲಿ ಗೈಡ್ ಹೇಳಲೇಬೇಕಾದ ಒಂದು ಪ್ರಸಂಗ ಇದೆ. 1961ರ ಡಿಸೆಂಬರ್ 18ರಂದು ಪುಣೆಯಿಂದ ಬಂದ ನಮ್ಮ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್‌ಗಳು ಬಾಂಬೋಲಿಂನ ವೈರ್‌ಲೆಸ್ ಕೇಂದ್ರ ಹೊಡೆದವು. ನಿಲ್ದಾಣದ ಕಟ್ಟಡಕ್ಕೆ ಏನೂ ಆಗಬಾರದು ಅಂತ ಆದೇಶ ಇತ್ತು. ಅಲ್ಲಿ ನಿಂತಿದ್ದ ಪೋರ್ಚುಗಲ್‌ನ ಎರಡು ನಾಗರಿಕ ವಿಮಾನಗಳೂ ಉಳಿದುಕೊಂಡವು. ಪೋರ್ಚುಗೀಸರು ರಾತ್ರಿ ಹೊತ್ತಿಗೆ ರನ್‌ವೇಯ ಗುಂಡಿಗಳನ್ನು ಅಷ್ಟಿಷ್ಟು ಮುಚ್ಚಿ, ಕತ್ತಲಲ್ಲೇ ಎರಡನ್ನೂ ಹಾರಿಸಿಕೊಂಡು ಪಾರಾದರು. ಅದರಲ್ಲಿ ಒಂದು ಇದೇ ಕಾನ್‌ಸ್ಟಲೇಶನ್ ಜಾತಿಯದು. ಶತ್ರುವೇ ಇರಲಿ, ಆ ಪೈಲಟ್‌ಗಳಿಗೆ ಒಂದು ಭೇಷ್ ಹೇಳಬೇಕು.

ಇಷ್ಟನ್ನೆಲ್ಲ ಬೋರ್ಡು ಹೇಳುವುದಿಲ್ಲ. ಬೋರ್ಡಿನಲ್ಲಿ ಉದ್ದ, ಅಗಲ, ತೂಕ ಇರುತ್ತದೆ. ನಮ್ಮ ಕರಾವಳಿಗೆ ಈಗ ಬೇಕಾಗಿರುವುದು ಕನ್ನಡದಲ್ಲಿ, ಬೇಕಿದ್ದರೆ ಕೊಂಕಣಿಯಲ್ಲಿ, ನಿಂತು ಹೇಳುವ ಜನ. ನೌಕಾಪಡೆಯಿಂದ ನಿವೃತ್ತರಾದವರು ಕಾರವಾರದಲ್ಲೇ ಎಷ್ಟೋ ಜನ ಇದ್ದಾರೆ. ಕಾಲೇಜು ಮಕ್ಕಳಿದ್ದಾರೆ. ಇಬ್ಬರು ಮಕ್ಕಳನ್ನು ಒಬ್ಬ ಹಿರಿಯರ ಜತೆ ಕೂರಿಸಿದರೆ ಒಂದು ಮಳೆಗಾಲದಲ್ಲಿ ಕಥೆಯೆಲ್ಲ ಕಲಿಯುತ್ತಾರೆ. ಚಾಪಲ್ ಕರಾಚಿಗೆ ಹೋಗಿರಲಿಲ್ಲ ಅನ್ನುವುದನ್ನೂ ಕಲಿಯುತ್ತಾರೆ. ನಮ್ಮ ಬಳಗ ಪ್ರತಿ ವರ್ಷ ಸ್ಮರಣಿಕೆ, ಶಾಲು, ಹಾರಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಭಾಗವನ್ನು ಈ ಮಕ್ಕಳ ಗೌರವಧನಕ್ಕೆ, ಒಂದು ಸಣ್ಣ ಕನ್ನಡ ಪುಸ್ತಿಕೆಗೆ ಕೊಡಬಹುದು ಅನ್ನುವುದು ನನ್ನ ಪ್ರಸ್ತಾಪ. ವಾರ್ಷಿಕ ಸಭೆಯಲ್ಲಿ ಇದನ್ನು ಇಡುತ್ತೇನೆ. ಬೈಯುವವರು ಅಲ್ಲೇ ಬೈಯಬಹುದು.

ಬರುವವರು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗೆ ಹೆಸರು ಕೊಡಿ. ಗುರುತಿನ ಚೀಟಿ, ಟೋಪಿ, ನೀರು ಇರಲಿ, ಡಿಸೆಂಬರ್ ಆದರೂ ಮಧ್ಯಾಹ್ನದ ಬಿಸಿಲು ಬಿಡುವುದಿಲ್ಲ. ಕಾರವಾರದಲ್ಲಿ ಊಟಕ್ಕೆ ಮೀನಿನ ಹೋಟೆಲು, ಶಿರಸಿಯವರಿಗೆ ಬೇರೆ ವ್ಯವಸ್ಥೆ. ಬೊಗ್ಮಾಲೊ ಮ್ಯೂಸಿಯಂಗೆ ಸೋಮವಾರ ರಜೆ, ಆದ್ದರಿಂದ ಕಾರವಾರದ ದಿನ ಶನಿವಾರ, ಗೋವಾದ ದಿನ ಭಾನುವಾರ.